ಮಂಚಮ್ಮ ಓದಿದ ಕಾದಂಬರಿಗಳು

ಟಿ. ನರಸೀಪುರದಲ್ಲಿ ತಲಕಾಡಿನ ಬಸ್ಸು ಹೊರಳುವ ತಿರುವಿನ ಹತ್ತಿರ ಚನ್ನಾಜಮ್ಮನ ಮನೆ, ಮನೆಯ ಹಿಂದೆ ಶೀಟು ಹೊದಿಸಿದ ಕೊಟ್ಟಿಗೆ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಕೊಟ್ಟಿಗೆಯಲ್ಲಿ ದನಗಳಿರಲಿಲ್ಲ, ಹೆಂಗಸರಿದ್ದರು. ಮೈಸೂರಿನಿಂದ ವ್ಯಾನಿನಲ್ಲಿ ಬಿದಿರುಕಡ್ಡಿಯ ಕಟ್ಟುಗಳೂ ಇದ್ದಿಲ ಪುಡಿಯ ಚೀಲಗಳೂ ಬಂದು ಬೀಳುತ್ತಿದ್ದವು. ಮನೆಯ ಒಲೆ ಆರಿಸಿ ಬಂದ ಹೆಂಗಸರು ಮಣೆ ಮುಂದಿಟ್ಟುಕೊಂಡು, ಕಲಸಿದ ಕಪ್ಪು ಹಿಟ್ಟನ್ನು ಕಡ್ಡಿಗೆ ಹೊಸೆದು ಹೊಸೆದು ಸಂಜೆಯ ತನಕ ಊದುಬತ್ತಿ ಮಾಡುತ್ತಿದ್ದರು. ದೇವರ ಮುಂದೆ ಘಮ್ಮೆನ್ನುವ ವಸ್ತು ಹುಟ್ಟುವುದು ಎಂಥ ಮಸಿಯಲ್ಲಿ ಎಂಬುದು ಅವರ ಅಂಗೈ ನೋಡಿದವರಿಗೇ ಗೊತ್ತು.

ಆ ಹೆಂಗಸರ ನಡುವೆ ಕೂತು, ಒಂದು ಕಡ್ಡಿಯನ್ನೂ ಹೊಸೆಯದೆ ಜೀವನ ಮಾಡುತ್ತಿದ್ದವಳು ಮಂಚಮ್ಮ. ಹಾಗೆಂದು ಅವಳನ್ನು ಸೋಮಾರಿ ಅಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಸೋಸಲೆಯಲ್ಲಿ ಹುಟ್ಟಿ, ಏಳನೇ ಕ್ಲಾಸಿನವರೆಗೆ ಓದಿ, ಮದುವೆಯಾಗಿ ಈ ಊರಿಗೆ ಬಂದವಳು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದ್ದಳು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತದೆ, ಎಳೆ ಹುಡುಕುವ ಬೆರಳೂ ಅದರ ಜೊತೆಗೇ ಬೇಯುತ್ತದೆ. ವರ್ಷಗಳು ಕಳೆದಂತೆ ಅವಳ ಬೆರಳುಗಳು ಸೆಟೆದು ಮಡಚಲಾರದಂತಾದವು. ಕೆಲಸ ಹೋಯಿತು. ಚನ್ನಾಜಮ್ಮನ ಕೊಟ್ಟಿಗೆಗೆ ಬಂದರೆ ಅಲ್ಲಿ ಬೇಕಾದದ್ದೂ ಬೆರಳೇ. ಅವಳು ಹೊಸೆದ ಕಡ್ಡಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬೋಳು. ವ್ಯಾನಿನವನು ಅವಳದ್ದನ್ನೆಲ್ಲ ಎತ್ತಿ ಆಚೆ ಇಡುತ್ತಿದ್ದ.

ಒಂದು ದಿನ ಬೆಲ್ಲ ಕಟ್ಟಿಕೊಟ್ಟ ಕಾಗದದಲ್ಲಿ ಯಾವುದೋ ವಾರಪತ್ರಿಕೆಯ ಧಾರಾವಾಹಿಯ ಅರ್ಧ ಪುಟ ಸಿಕ್ಕಿತು. ಸುಮ್ಮನೆ ಕೂರಲಾರದೆ ಮಂಚಮ್ಮ ಅದನ್ನು ಗಟ್ಟಿಯಾಗಿ ಓದಿದಳು. ಚನ್ನಾಜಮ್ಮ ಗಮನಿಸಿದಳು: ಬಾಯಿಗಳು ಮುಚ್ಚಿವೆ, ಕೈಗಳು ಓಡುತ್ತಿವೆ. ವ್ಯಾಪಾರದ ತಲೆ ಅವಳದು. ನಾಳೆಯಿಂದ ನೀನು ಓದು, ಹೊಸೆಯುವವರು ಹೊಸೆಯಲಿ ಎಂದಳು. ಹಾಗೆ ಹುಟ್ಟಿದ ಪದ್ಧತಿಗೆ ಅವರೇ ಇಟ್ಟ ಹೆಸರು ಓದಿನ ಹಿಡಿ. ಸಂಜೆ ಏಳುವ ಮುಂಚೆ ಪ್ರತಿಯೊಬ್ಬಳೂ ತಾನು ಹೊಸೆದದ್ದರಲ್ಲಿ ಒಂದು ಹಿಡಿ ಕಡ್ಡಿ ತೆಗೆದು ಮಂಚಮ್ಮನ ಮಣೆಯ ಮೇಲಿಟ್ಟು ಹೋಗುವುದು. ಎಣಿಸಿ ದುಡ್ಡು ಕೊಡುವ ವ್ಯಾನಿನವನ ಲೆಕ್ಕದಲ್ಲಿ ಅದೇ ಅವಳ ಆ ದಿನದ ಕೂಲಿ. ಅಳತೆಯಿಲ್ಲ, ಒತ್ತಾಯವೂ ಇಲ್ಲ. ಕತೆ ರುಚಿಯಾಗಿದ್ದ ದಿನ ಹಿಡಿ ತುಂಬಿರುತ್ತಿತ್ತು. ನಾಯಕಿ ಸುಮ್ಮಸುಮ್ಮನೆ ಅತ್ತ ದಿನ ಹಿಡಿ ಸಡಿಲವಾಗುತ್ತಿತ್ತು.

ಪುಸ್ತಕ ಬರುತ್ತಿದ್ದದ್ದು ನಂಜನಗೂಡಿನಿಂದ. ಗಂಡ ಪುಟ್ಟಬಸವಯ್ಯ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುತ್ತಿದ್ದ; ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದ. ಬರುವಾಗ ಬಸ್ ಸ್ಟ್ಯಾಂಡಿನ ಪಕ್ಕ ಸಿದ್ದಮಲ್ಲಪ್ಪನ ಬಾಡಿಗೆ ಪುಸ್ತಕದ ಅಂಗಡಿಗೆ ನುಗ್ಗಿ, ದಪ್ಪಗಿರುವ ಲವ್ವಿನದೊಂದು ಕೊಡಿ ಎಂದು ಕೇಳುತ್ತಿದ್ದ. ಅಕ್ಷರ ಬಾರದವನು, ತೂಕ ನೋಡಿ ಆರಿಸುತ್ತಿದ್ದ. ಕಾಲೇಜು ಹುಡುಗಿಯರಿಗೆಂದು ಇಟ್ಟಿದ್ದ, ಬಾಳಿಕೆ ಬರಲೆಂದು ನ್ಯೂಸ್‌ಪೇಪರಿನ ರಟ್ಟು ಹಾಕಿದ್ದ ಪ್ರೇಮ ಕಾದಂಬರಿಗಳು ಅವನ ಚೀಲ ಸೇರುತ್ತಿದ್ದವು. ವಾಪಸು ಬಂದಾಗ ಹಾಳೆಗಳ ನಡುವಿನಿಂದ ಇದ್ದಿಲ ಪುಡಿ ಉದುರುತ್ತಿತ್ತು. ನಿನ್ನ ಹೆಂಡತಿ ಒಲೆಯ ಒಳಗೆ ಕೂತು ಓದುತ್ತಾಳೇನಯ್ಯ ಎಂದು ಸಿದ್ದಮಲ್ಲಪ್ಪ ಗೊಣಗುತ್ತಿದ್ದ.

ಈ ಕಾದಂಬರಿಗಳ ನಾಯಕಿಯರೆಲ್ಲ ಒಂದೇ ಅಚ್ಚಿನಲ್ಲಿ ಹುಯ್ದವರು. ಹಾಲಿನ ಕೆನೆಯಂಥ ಬಣ್ಣ, ಬಳುಕುವ ನಡು, ಅಪ್ಪನ ಕಾರು, ಬೆಂಗಳೂರಿನ ಕಾಲೇಜು. ಬರೆಯುವವರಿಗೆ ಕಪ್ಪು ಹುಡುಗಿಯರ ಮೇಲೆ ಅದೇನು ಸಿಟ್ಟೋ ಕಾಣೆ; ಕಾಫಿ ಲೋಟ ತಂದಿಟ್ಟು ಹೋಗುವುದಕ್ಕೆ ಮಾತ್ರ ಅಂಥವಳೊಬ್ಬಳನ್ನು ಕತೆಯೊಳಗೆ ಬಿಟ್ಟುಕೊಳ್ಳುತ್ತಿದ್ದರು. ಕೊಟ್ಟಿಗೆಯ ಹೆಂಗಸರು ಕೇಳುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು, ಮದುವೆಮನೆಯ ಊಟದ ವಾಸನೆಯನ್ನು ಬೀದಿಯಲ್ಲಿ ನಿಂತು ಕುಡಿದವರ ಹಾಗೆ ಮನೆಗೆ ಹೋಗುತ್ತಿದ್ದರು.

ಕಂಬಕ್ಕೆ ಒರಗಿ ಕೂರುತ್ತಿದ್ದವಳು ರೋಜಾ. ಮಂಚಮ್ಮನ ಬೀದಿಯವಳೇ, ಇಪ್ಪತ್ತರ ಆಸುಪಾಸು. ಮೈ ಕಪ್ಪು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸಣ್ಣಗಾಗಿತ್ತು. ಬಿದಿರಿನ ಕೋಲೂರಿಕೊಂಡು ಬರುತ್ತಿದ್ದಳು. ಶಾಲೆಗೆ ಕಳಿಸಿದರೆ ದಾರಿಯಲ್ಲಿ ಬಿದ್ದಾಳು ಎಂದು ಮನೆಯವರು ಕಳಿಸಿಯೇ ಇರಲಿಲ್ಲ. ಮಾತು ಕಡಿಮೆ. ಅಂಥವಳು ಒಂದು ಮಧ್ಯಾಹ್ನ, ಕತೆ ಮುಗಿದು ಎಲ್ಲರೂ ಮೈಮುರಿಯುತ್ತಿದ್ದಾಗ, ಹಿಟ್ಟಿನ ಮೇಲಿಂದ ಕಣ್ಣೆತ್ತದೆ ಕೇಳಿದಳು.

"ಅಕ್ಕ, ಪುಸ್ತ್ಕದೊಳಗೆ ನನ್ನಂತೋಳು ಯಾವತ್ತೂ ಬರಾಕಿಲ್ವಾ?"

ಮಂಚಮ್ಮ ಪುಸ್ತಕ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗಿ ಹೊಸ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದಳು. ಅಲ್ಲೂ ಕೆನೆಬಣ್ಣ, ಅಲ್ಲೂ ಕಾರು. ಮರುದಿನ ಕೊಟ್ಟಿಗೆಯಲ್ಲಿ ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ಅಚ್ಚಾದ ಸಾಲಿನ ಮೇಲೆ ಕಣ್ಣಿಟ್ಟುಕೊಂಡೇ ಅವಳು ಬೇರೆ ಓದಿದಳು. ನಾಯಕಿ ಕಪ್ಪಗಿದ್ದಳು. ಹೊಳೆದಂಡೆಯ ಊರಿನವಳು. ಒಂದು ಕಾಲು ಸಣ್ಣ, ಕೈಯಲ್ಲಿ ಕೋಲು. ಆದರೂ ನಾಯಕನ ಕಣ್ಣು ಸಂತೆಯ ಗುಂಪಿನಲ್ಲಿ ಅವಳನ್ನೇ ಹುಡುಕಿತು. ರೋಜಾಳ ಕೈ ಮಣೆಯ ಮೇಲೆ ನಿಂತುಹೋಯಿತು. ಆ ಸಂಜೆ ಅವಳಿಟ್ಟ ಹಿಡಿ ಮಂಚಮ್ಮನ ಎರಡು ಕೈಗೂ ಮಿಕ್ಕಿ ಚೆಲ್ಲಿತು.

ಒಂದು ಸಲ ರುಚಿ ಹತ್ತಿದ ಮೇಲೆ ಬಿಡುವುದು ಹೇಗೆ? ಪುಟ್ಟಬಸಮ್ಮ ಎಂಬವಳೊಬ್ಬಳಿದ್ದಳು, ಕಳಲೆಗೆ ಕೊಟ್ಟಿದ್ದವಳು, ದಪ್ಪ ಮೈಯವಳು. ಮದುವೆಯಾದ ವರ್ಷವೇ ಗಂಡ ಅವಳ ಮೈಯನ್ನು ಆಡಿಕೊಂಡು ತವರಿಗೆ ಅಟ್ಟಿದ್ದ. ಮುಂದಿನ ಕಾದಂಬರಿಯ ನಾಯಕಿ ದಪ್ಪಗಾದಳು, ಹೊಟ್ಟೆ ತುಂಬ ಉಂಡಳು, ಅವಳು ಉಣ್ಣುವ ಚಂದ ನೋಡಿಯೇ ನಾಯಕ ಸೋತುಹೋದ. ಪುಟ್ಟಬಸಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಳು. ಚನ್ನಾಜಮ್ಮ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳಿಗೋಸ್ಕರ ಒಬ್ಬ ವಿಧವೆ ಮತ್ತೆ ಹೂ ಮುಡಿದಳು. ಆ ಕತೆ ಓದುವಷ್ಟು ದಿನ ಚನ್ನಾಜಮ್ಮ ಹಿಟ್ಟಿನ ಲೆಕ್ಕ ತಪ್ಪುತ್ತಿದ್ದಳು.

ಮಂಚಮ್ಮ ಬಣ್ಣ ಬದಲಿಸಿದಳು, ಊರು ಬದಲಿಸಿದಳು, ಮೈಕಟ್ಟು ಬದಲಿಸಿದಳು. ಹೆಸರುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಳು. ಅಚ್ಚಿನಲ್ಲಿ ಹಿಡಿದುಕೊಳ್ಳುವುದಕ್ಕೆ ಏನಾದರೊಂದು ಬೇಕಲ್ಲ. ಜಾತಿಯ ಮಾತು ಎತ್ತಲೇ ಇಲ್ಲ. ಚನ್ನಾಜಮ್ಮ ಅವಳನ್ನೂ ರೋಜಾಳನ್ನೂ ಎಲ್ಲರ ಜೊತೆ ಮಣೆ ಹಾಕಿ ಕೂರಿಸುತ್ತಿದ್ದಳು, ಆದರೆ ನೀರು ಕೇಳಿದರೆ ಬೊಗಸೆಗೆ ಮೇಲಿಂದ ಹುಯ್ಯುತ್ತಿದ್ದಳು. ಅಲ್ಲಿಯ ಗೆರೆ ಎಲ್ಲಿದೆ ಎಂಬುದು ಮಂಚಮ್ಮನಿಗೆ ಗೊತ್ತಿತ್ತು. ನಾಯಕಿ ಯಾರ ಪೈಕಿ ಎಂಬುದನ್ನು ಕೇಳುವವರು ತಮಗೆ ಬೇಕಾದ ಹಾಗೆ ಅಂದುಕೊಂಡರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಜಿಲ್ಲೆಗೆಲ್ಲ ಸಾಕ್ಷರತೆಯ ಆಂದೋಲನ ಬಂತು. ಸಮುದಾಯ ಭವನದಲ್ಲಿ ಸಂಜೆ ಲೈಟು ಹತ್ತಿತು, ಬಿಂದುಶ್ರೀ ಎಂಬ ಕಾಲೇಜು ಹುಡುಗಿ ಬಂದು ಹೆಂಗಸರಿಗೆ ಅಕ್ಷರ ಹೇಳಿಕೊಡತೊಡಗಿದಳು. ಕೊಟ್ಟಿಗೆಯವರು ಒಬ್ಬೊಬ್ಬರೇ ಹೋದರು, ಒಬ್ಬೊಬ್ಬರೇ ಬಿಟ್ಟರು. ಬಿಡದೆ ಹೋದವಳು ರೋಜಾ. ಯಾಕೆ ಅಷ್ಟು ಹಟ ಎಂದು ಪುಟ್ಟಬಸಮ್ಮ ಕೇಳಿದ್ದಕ್ಕೆ, ಆ ಮೊದಲನೆಯ ಕಾದಂಬರಿಯನ್ನು ತಾನೇ ಓದಬೇಕು, ಆ ಹುಡುಗಿಯ ಪಾಡನ್ನು ತನ್ನ ಕಣ್ಣಲ್ಲೇ ನೋಡಬೇಕು ಎಂದಳಂತೆ.

ಈ ಮಾತು ಕಿವಿಗೆ ಬಿದ್ದ ದಿನದಿಂದ ಮಂಚಮ್ಮನ ನಿದ್ದೆ ಕೆಟ್ಟಿತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಸ್ಥಿತಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರೋಜಾ ಬಸ್ಸಿನ ಬೋರ್ಡು ಓದತೊಡಗಿದಳು. ತಲಕಾಡು, ಸೋಸಲೆ, ನಂಜನಗೂಡು ಎಂದು ಕೂಡಿಸಿ ಕೂಡಿಸಿ ಓದಿ ಮಂಚಮ್ಮನ ಮುಖ ನೋಡಿದಾಗ, ಶಹಭಾಸ್ ಎಂದು ಬೆನ್ನು ತಟ್ಟುವ ಕೈಯೇ ತಣ್ಣಗಾಗುತ್ತಿತ್ತು. ಒಂದು ದಿನ ಓದಿನ ನಡುವೆ ಎದುರಿನಿಂದ ಸಣ್ಣ ದನಿಯೊಂದು ಕೇಳಿಸಿತು. ನೋಡಿದರೆ ರೋಜಾ, ಪುಸ್ತಕದ ಹೊರಗಿನ ನ್ಯೂಸ್‌ಪೇಪರಿನ ರಟ್ಟನ್ನು ಓದುತ್ತಿದ್ದಾಳೆ: ಭತ್ತದ ಬೆಲೆ ಕುಸಿತ. ಎಲ್ಲರೂ ನಕ್ಕರು. ಮಂಚಮ್ಮ ರಟ್ಟನ್ನು ಅಂಗೈಯಿಂದ ಮುಚ್ಚಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅಂದಿನಿಂದ ಅವಳು ಗೋಡೆಗೆ ಬೆನ್ನು ಕೊಟ್ಟು, ಯಾರೂ ಹಿಂದೆ ಸುಳಿಯದ ಜಾಗ ನೋಡಿ ಕೂರತೊಡಗಿದಳು. ಓದಿ ಮುಗಿದ ತಕ್ಷಣ ಪುಸ್ತಕ ಚೀಲಕ್ಕೆ ಹೋಗುತ್ತಿತ್ತು. ಮನೆಗೆ ಕೊಡು ಎಂದು ರೋಜಾ ಕೇಳಿದಾಗ, ಕೈ ಬದಲಾಯಿಸಿದರೆ ಸಿದ್ದಮಲ್ಲಪ್ಪ ಬಯ್ಯುತ್ತಾನೆ ಎಂದು ಇನ್ನೊಂದು ಸುಳ್ಳು ಪೋಣಿಸಿದಳು.

ಭಯ ಮರ್ಯಾದೆಯದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಓದಿನ ಹಿಡಿ ನಿಂತರೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ರೋಜಾಳದು. ಪುಸ್ತಕದೊಳಗೆ ತಾನಿದ್ದೇನೆ ಎಂದು ನಂಬಿಕೊಂಡು ಹುಡುಗಿ ನೆಟ್ಟಗೆ ಕೂರುವುದನ್ನು ಕಲಿತಿದ್ದಳು, ಜೋರಾಗಿ ನಗುವುದನ್ನು ಕಲಿತಿದ್ದಳು. ಅಲ್ಲಿ ಯಾರೂ ಇಲ್ಲ ಎಂದು ಗೊತ್ತಾದ ದಿನ ಏನು ಮಾಡಿಕೊಂಡಾಳು?

ಆ ಸಲದ ಚಳಿಗಾಲದಲ್ಲಿ ಓದುತ್ತಿದ್ದ ಕಾದಂಬರಿಯ ನಾಯಕಿ ಸುಚರಿತಾ, ನಾಯಕ ಡಾಕ್ಟರ್ ನಿರಂಜನ. ಪುಸ್ತಕದಲ್ಲಿ ಸುಚರಿತಾ ಎಸ್ಟೇಟ್ ಮಾಲೀಕನ ಮಗಳು. ಮಂಚಮ್ಮನ ಬಾಯಲ್ಲಿ ಅವಳು ಹೊಳೆದಂಡೆಯ ಕಪ್ಪು ಹುಡುಗಿ, ಕೋಲೂರಿ ನಡೆಯುವವಳು, ಬಟ್ಟೆ ಹೊಲಿದು ಮನೆ ನಡೆಸುವವಳು. ನಿರಂಜನನ ತಾಯಿ ಈ ಸೊಸೆ ಬೇಡ ಎಂದು ಹಟ ಹಿಡಿದಿದ್ದಳು. ಕತೆ ಮದುವೆಯ ಹತ್ತಿರಕ್ಕೆ ಬಂದಿತ್ತು, ಕೊಟ್ಟಿಗೆಯೆಲ್ಲ ಆ ಮುದುಕಿಯನ್ನು ಶಪಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಮಂಚಮ್ಮನ ಗಂಟಲು ಕಟ್ಟಿತು. ಇದ್ದಿಲ ದೂಳು ಕೂತು ದನಿಯೇ ಹೊರಡದು.

ಇವತ್ತು ಓದು ಬೇಡ ಎಂದು ಕೈಸನ್ನೆ ಮಾಡಿದಳು. ಕೇಳುವವರು ಯಾರು? ರೋಜಾಗೆ ಅಕ್ಷರ ಬಂದಿದೆಯಲ್ಲ, ಅವಳೇ ಓದಲಿ ಎಂದಳು ಚನ್ನಾಜಮ್ಮ. ಮಂಚಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುವಷ್ಟರಲ್ಲಿ ಪುಟ್ಟಬಸಮ್ಮ ಅದಕ್ಕೆ ಕೈಹಾಕಿ ಪುಸ್ತಕ ತೆಗೆದು ದಾಟಿಸಿಬಿಟ್ಟಿದ್ದಳು. ರೋಜಾ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಷ್ಟು ದಿನ ಮುಟ್ಟಲು ಸಿಗದಿದ್ದ ಪುಸ್ತಕ. ಗುರುತಿಗೆ ಇಟ್ಟಿದ್ದ ಬಿದಿರುಕಡ್ಡಿಯ ಜಾಗದಲ್ಲಿ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು.

"ಬೆಳ್ಳನೆಯ ಸುಚರಿತಾ ಜಿಂಕೆಯಂತೆ ಓಡಿಬಂದು ಕಾರಿನ ಬಾಗಿಲು ತೆರೆದಳು."

ಕೊಟ್ಟಿಗೆಯೆಲ್ಲ ನಗು. ಕುಂಟುವ ಸುಚರಿತಾ ಓಡಿಬಂದಳಂತೆ, ಕಪ್ಪು ಸುಚರಿತಾ ಬೆಳ್ಳಗಾದಳಂತೆ, ಅವಳಿಗೆ ಕಾರು ಎಲ್ಲಿಂದ ಬಂತು, ಬಿಂದುಶ್ರೀ ಏನು ಕಲಿಸಿದ್ದಾಳೋ ದೇವರೇ ಬಲ್ಲ ಎಂದು ಒಬ್ಬರ ಮೇಲೊಬ್ಬರು ಆಡಿದರು. ಕೆಡುಕಿಲ್ಲದ ನಗುವೇ, ಆದರೆ ನಗು. ರೋಜಾ ಮತ್ತೆ ಓದಿದಳು. ಮತ್ತೆ ಅದೇ ಬಂತು. ಅವಳ ಕಿವಿ ಕೆಂಪಾಯಿತು. ಪುಸ್ತಕವನ್ನು ಮಂಚಮ್ಮನ ಕಡೆ ಚಾಚಿ, ಇದರಲ್ಲಿ ಏನು ಬರೆದಿದೆ ನೀನೇ ನೋಡು ಎಂದು ಕೇಳಿದಳು.

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಎಲ್ಲರ ಕಣ್ಣೂ ಮಂಚಮ್ಮನ ಮೇಲಿತ್ತು. ಅವಳು ಹೆದರಿದಳು. ಪುಸ್ತಕ ಇಸಿದುಕೊಂಡು, ಒಡೆದ ದನಿಯಲ್ಲಿ, ಅದೇ ಸಾಲಿನ ಮೇಲೆ ಬೆರಳಾಡಿಸುತ್ತಾ ಓದಿದಳು: ಕಪ್ಪು ಸುಚರಿತಾ ಕೋಲೂರಿಕೊಂಡು ನಿಧಾನವಾಗಿ ಬಂದು ಬಾಗಿಲು ತೆರೆದಳು. ನೋಡಿದೆಯಾ, ಇನ್ನೂ ಸ್ವಲ್ಪ ಕಲಿಯಬೇಕು ನೀನು ಎಂದು ಪುಟ್ಟಬಸಮ್ಮ ಸಮಾಧಾನ ಮಾಡಿದಳು. ರೋಜಾ ಅಚ್ಚಾದ ಸಾಲನ್ನೂ ಮಂಚಮ್ಮನ ಬೆರಳನ್ನೂ ನೋಡುತ್ತಲೇ ಇದ್ದಳು.

"ಅಂಗಾರೆ ನಂಗೆ ಅಕ್ಸರ ಬಂದಿಲ್ಲ," ಎಂದಳು.

ಅಂದು ಸಂಜೆ ಸಮುದಾಯ ಭವನದಲ್ಲಿ ಅವಳ ಜಾಗ ಖಾಲಿಯಿತ್ತು. ಮರುದಿನವೂ ಖಾಲಿ. ವಾರ ಕಳೆದ ಮೇಲೆ ಬಿಂದುಶ್ರೀ ಕೊಟ್ಟಿಗೆಗೇ ಹುಡುಕಿಕೊಂಡು ಬಂದಳು. ರೋಜಾ ಸ್ಲೇಟು, ಪುಸ್ತಕ ಎಲ್ಲವನ್ನೂ ವಾಪಸು ಕಳಿಸಿದ್ದಾಳೆ, ತನ್ನ ಕಣ್ಣಿಗೆ ಅಕ್ಷರ ಬೇರೆಯೇ ಕಾಣಿಸುತ್ತದೆ ಅನ್ನುತ್ತಾಳೆ ಎಂದು ಹೇಳಿದಳು. ಇಷ್ಟು ಚೆನ್ನಾಗಿ ಕಲಿತವಳು ನನ್ನ ಕ್ಲಾಸಿನಲ್ಲಿ ಇನ್ನೊಬ್ಬಳಿಲ್ಲ, ಬರುವ ವರ್ಷ ಏಳನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿಸಬೇಕೆಂದಿದ್ದೆ, ಪಾಸಾದರೆ ಅಂಗನವಾಡಿಯಲ್ಲಾದರೂ ಕೂತು ಮಾಡುವ ಕೆಲಸ ಸಿಗುತ್ತಿತ್ತು ಎಂದು ಪೇಚಾಡಿದಳು. ರೋಜಾ ಕಂಬದ ಪಕ್ಕದಲ್ಲೇ ಇದ್ದಳು. ತಲೆ ಎತ್ತಲಿಲ್ಲ, ಹೊಸೆಯುವುದನ್ನೂ ನಿಲ್ಲಿಸಲಿಲ್ಲ. ಮಂಚಮ್ಮನಿಗೆ ಅಂದು ಊಟ ಸೇರಲಿಲ್ಲ.

ಶನಿವಾರ ಗಂಡ ಬಂದಾಗ ಎಲ್ಲವನ್ನೂ ಹೇಳಿಕೊಂಡಳು. ಪುಟ್ಟಬಸವಯ್ಯ ಕೆಟ್ಟವನಲ್ಲ, ದಣಿದವನು. ಕಾಲು ಚಾಚಿ ಕೂತು ಬಹಳ ಹೊತ್ತು ಯೋಚಿಸಿ, ಬಾಯಿ ಬಿಟ್ಟರೆ ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕಿಕೊಂಡ ಹಾಗೆ ಎಂದ. ಆ ಹುಡುಗಿಗೆ ಮೊದಲೇನು ಅಕ್ಷರ ಬರುತ್ತಿತ್ತೆ, ಈಗಲೂ ಬರುವುದಿಲ್ಲ, ಇದ್ದ ಹಾಗೇ ಇದ್ದಾಳಲ್ಲ ಎಂದ.

ಮಂಚಮ್ಮನಿಗೆ ಚುಚ್ಚಿದ್ದು ಈ ಕೊನೆಯ ಮಾತೇ. ರೋಜಾ ಇದ್ದ ಹಾಗೇ ಇಲ್ಲ. ಮೊದಲು ಯಾರೂ ಕಲಿಸಿರಲಿಲ್ಲ, ಅಷ್ಟೇ. ಈಗ, ಕಲಿತರೂ ನನಗೆ ಬರುವುದಿಲ್ಲ ಎಂದು ತಿಳಿದುಕೊಂಡಿದ್ದಾಳೆ. ಅದನ್ನು ತಿಳಿಸಿಕೊಟ್ಟವಳು ನಾನು. ಭಾನುವಾರವಿಡೀ ಮಂಚಮ್ಮ ಒಳಗೂ ಹೊರಗೂ ಓಡಾಡಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಗಂಡ ಬಾಯಿ ಮುಚ್ಚಿಕೊಂಡು ಉಂಡ.

ಸೋಮವಾರ ಎಲ್ಲರೂ ಮಣೆ ಹಾಕಿ ಕೂತ ಮೇಲೆ ಅವಳು ಪುಸ್ತಕ ತೆಗೆದು ನೆಲದ ಮೇಲೆ ಇಟ್ಟಳು. ಗಂಟಲು ಸರಿಹೋಗಿತ್ತು.

"ಅವತ್ತು ರೋಜಾ ಓದಿದ್ದೇ ಸರಿ. ತಪ್ಪು ಓದಿದ್ದು ನಾನು. ಅವಳೊಂದು ಅಕ್ಸರಾನೂ ಬುಟ್ಟಿರಲಿಲ್ಲ," ಎಂದಳು.

ಯಾರಿಗೂ ಥಟ್ಟನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೈಗುಳ ಬೀಳುತ್ತದೆ ಎಂದು ಮಂಚಮ್ಮ ಕಾದಳು. ಬೈದಿದ್ದರೆ ಹಗುರವಾಗುತ್ತಿದ್ದಳು. ಪುಟ್ಟಬಸಮ್ಮ ಮೆಲ್ಲಗೆ, ಮಗು ಕೇಳುವ ಹಾಗೆ ಕೇಳಿದಳು.

"ಆ ದಪ್ಪ ಉಡುಗಿ? ಒಟ್ಟೆ ತುಂಬ ಉಣ್ತಿದ್ದೋಳು?"

ಇಲ್ಲ ಎಂದಳು ಮಂಚಮ್ಮ. ಪುಸ್ತಕದಲ್ಲಿ ಅವಳು ಸಣ್ಣಗೆ ಬಳ್ಳಿಯಂತಿದ್ದಳು. ಚನ್ನಾಜಮ್ಮ ಕೇಳಿದಳು, ಹೂ ಮುಡಿದ ಆ ವಿಧವೆ? ಅವಳೂ ಇಲ್ಲ, ಅಲ್ಲಿದ್ದದ್ದು ಮದುವೆಯಾಗದ ಹುಡುಗಿ. ತೊದಲುತ್ತಿದ್ದವಳು? ಇಲ್ಲ. ಗಂಡನ ಮನೆ ಬಿಟ್ಟು ಬಂದು ಸ್ವಂತ ಅಂಗಡಿ ಇಟ್ಟವಳು? ಇಲ್ಲ. ಒಬ್ಬೊಬ್ಬರೂ ತಮ್ಮವಳನ್ನು ಕೇಳಿದರು. ಪ್ರತಿಯೊಬ್ಬರಿಗೂ ಇಲ್ಲ ಎನ್ನುವಾಗ, ಸಾವಿನ ಸುದ್ದಿ ಹೊತ್ತು ಮನೆಮನೆಗೆ ಹೋಗುತ್ತಿರುವವಳಂತೆ ಮಂಚಮ್ಮನ ಎದೆ ಕುಸಿಯುತ್ತಿತ್ತು. ರೋಜಾ ಒಬ್ಬಳೇ ಏನನ್ನೂ ಕೇಳಲಿಲ್ಲ. ಎದ್ದು, ನೆಲದ ಮೇಲಿದ್ದ ಪುಸ್ತಕ ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೊಸೆದ ಕಡ್ಡಿಗಳನ್ನೂ ಬಿಟ್ಟು ಕೋಲೂರಿಕೊಂಡು ಹೋಗಿಬಿಟ್ಟಳು.

ಆ ಸಂಜೆ ಮಂಚಮ್ಮನ ಮಣೆಯ ಮೇಲೆ ಯಾರೂ ಹಿಡಿ ಇಡಲಿಲ್ಲ. ಮರುದಿನ ಚನ್ನಾಜಮ್ಮ ಒಂದು ಮುದ್ದೆ ಕಪ್ಪು ಹಿಟ್ಟನ್ನು ಅವಳ ಮುಂದೆ ಇಟ್ಟು ಹೋದಳು. ಮಂಚಮ್ಮ ಸೆಟೆದ ಬೆರಳುಗಳಿಂದ ಹೊಸೆದಳು. ಕೊಟ್ಟಿಗೆಯಲ್ಲಿ ಕಡ್ಡಿ ಮಣೆಗೆ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ, ಯಾರೂ ಮಾತೂ ಆಡಿಸಲಿಲ್ಲ. ರೋಜಾ ಕೆಲಸಕ್ಕೆ ಬರಲಿಲ್ಲ. ಅವಳ ಮನೆಯ ಮುಂದೆ ದಿನವೂ ನಿಧಾನಿಸಿ ಹಾದುಹೋಗುತ್ತಿದ್ದ ಮಂಚಮ್ಮನಿಗೆ ಮುಚ್ಚಿದ ಬಾಗಿಲು ಕಾಣುತ್ತಿತ್ತು, ಒಳಗೆ ಹೋಗುವ ಧೈರ್ಯ ಬರುತ್ತಿರಲಿಲ್ಲ. ಹೊಳೆ ಹತ್ತಿರದ ಊರು. ಯಾರಾದರೂ ಬೀದಿಯಲ್ಲಿ ಓಡಿದರೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಕೋಲಿನ ಸದ್ದು ಕೇಳಿಸಿತು. ರೋಜಾ ಬಂದು ಕಂಬದ ಪಕ್ಕ ತನ್ನ ಜಾಗದಲ್ಲಿ ಕೂತಳು, ಕಂಕುಳಲ್ಲಿದ್ದ ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇಷ್ಟು ದಿನ ಮನೆಯಲ್ಲಿ ಕೂತು ಪೂರ್ತಿ ಓದಿದೆ, ತಿಳಿಯದ ಕಡೆ ಬಿಂದುಶ್ರೀಯನ್ನು ಕೇಳಿದೆ, ಸ್ಲೇಟು ವಾಪಸು ತಂದುಕೊಂಡೆ ಎಂದು ಚನ್ನಾಜಮ್ಮನಿಗೆ ಹೇಳುವಂತೆ ಹೇಳಿದಳು. ಮಂಚಮ್ಮನ ಎದೆಯ ಮೇಲಿನ ಒಂದು ಕಲ್ಲು ಇಳಿಯಿತು. ಇನ್ನೊಂದು ಅಲ್ಲೇ ಇತ್ತು.

ಹೇಗಿತ್ತು ಕತೆ ಎಂದು ಪುಟ್ಟಬಸಮ್ಮ ತಡೆಯಲಾರದೆ ಕೇಳಿದಳು. ಆ ಸುಚರಿತಾ ಕಾರು ಓಡಿಸುತ್ತಾಳೆ, ಟೆನಿಸ್ ಆಡುತ್ತಾಳೆ, ಸುಮ್ಮನೆ ಮುನಿಸಿಕೊಳ್ಳುತ್ತಾಳೆ, ಅವಳಿಗೆ ಮದುವೆಯಾದರೂ ಆಗದಿದ್ದರೂ ನನಗೆ ಏನೂ ಅನ್ನಿಸಲಿಲ್ಲ ಎಂದಳು ರೋಜಾ. ಆಮೇಲೆ ಮೊದಲ ಸಲ ಮಂಚಮ್ಮನ ಕಡೆ ತಿರುಗಿದಳು.

"ನಮ್ಮ ಸುಚರಿತಾ ಎಲ್ಲಿದ್ಲು ಅಂಗಾರೆ?"

"ಇಲ್ಲೇ," ಎಂದಳು ಮಂಚಮ್ಮ. "ಕಂಬದ ಪಕ್ಕ ಕೂತಿದ್ಲು."

ರೋಜಾ ಹಿಟ್ಟು ತೆಗೆದುಕೊಂಡಳು, ಹೊಸೆಯಲಿಲ್ಲ.

"ಒಂದು ಮಾತು ಏಳ್ತೀನಿ ಅಕ್ಕ. ನೀನು ಓದಿದ ಕತೇಲೆಲ್ಲ ಕೊನೇಗೆ ಅವಳ ಕಾಲು ನೆಟ್ಟಗಾಯ್ತದೆ. ಆಪ್ರೇಸನ್ ಆಯ್ತದೆ, ಇಲ್ಲಾ ದೇವ್ರು ಕಣ್ಬುಡ್ತಾನೆ, ಕೋಲು ಬಿಸಾಕ್ಬುಟ್ಟು ಮಂಟಪಕ್ಕೆ ನಡ್ಕಂಡೋಯ್ತಾಳೆ. ಅಂಗೆ ನೀನು ಓದಿದಾಗೆಲ್ಲ ನಾನು ಮನೇಗೋಗಿ ಕದ ಆಕ್ಕಂಡು, ಕೋಲು ಬುಟ್ಟು ನಿಂತ್ಕಂಡು ನೋಡಿವ್ನಿ. ಬಿದ್ದಿವ್ನಿ."

ಮಂಚಮ್ಮನ ಕೈ ತಾನಾಗಿ ಬಾಯಿಗೆ ಹೋಯಿತು. ಅವಳು ಎಷ್ಟು ಪ್ರೀತಿಯಿಂದ ಆ ಕೋಲು ಕಿತ್ತು ಎಸೆದಿದ್ದಳು! ಹುಡುಗಿಗೆ ಕೊಡಬಹುದಾದ ದೊಡ್ಡ ಉಡುಗೊರೆ ಅದೇ ಎಂದುಕೊಂಡಿದ್ದಳು. ಆ ಕದದ ಹಿಂದೆ ನೆಲಕ್ಕೆ ಬಿದ್ದ ಮೈಯ ಸದ್ದು ಈಗ ಅವಳಿಗೆ ಕೇಳಿಸಿತು.

"ಈ ಸುಚರಿತಾಗೆ ಮದ್ವೆ ಮಾಡ್ಸು," ಎಂದಳು ರೋಜಾ. "ಕೋಲು ಮಾತ್ರ ಕಿತ್ಕಬ್ಯಾಡ."

ಚನ್ನಾಜಮ್ಮನೂ ಬೇಡ ಅನ್ನಲಿಲ್ಲ. ಮಂಚಮ್ಮ ಸುತ್ತ ನೋಡಿದಳು. ಮುಖಗಳಲ್ಲಿ ಇನ್ನೂ ಮುನಿಸಿತ್ತು, ಆದರೆ ಕೈಗಳೆಲ್ಲ ಮಣೆಯ ಮೇಲೆ ಕಾದಿದ್ದವು. ಕೈಯಲ್ಲಿ ಪುಸ್ತಕವಿಲ್ಲದೆ ಅವಳು ಯಾವತ್ತೂ ಬಾಯಿ ತೆರೆದವಳಲ್ಲ. ನಿರಂಜನನ ತಾಯಿ ಕೊನೆಗೂ ಒಪ್ಪಿದಳು ಎಂದು ಶುರುಮಾಡಿದಳು, ವಾಲಗದವರನ್ನು ಕರೆಸಿದಳು, ಸುಚರಿತಾಳಿಗೆ ಧಾರೆ ಸೀರೆ ಉಡಿಸಿದಳು, ಕೈಗೆ ಕೋಲು ಕೊಟ್ಟು ಮಂಟಪದ ಮೆಟ್ಟಿಲ ಮುಂದೆ ತಂದು ನಿಲ್ಲಿಸಿದಳು. ಅಲ್ಲಿಗೆ ಅವಳ ದನಿ ನಿಂತುಹೋಯಿತು. ಕಲ್ಲಿನ ಮೆಟ್ಟಿಲು, ಉದ್ದನೆಯ ಸೀರೆ, ಊರಿಗೆ ಊರೇ ನೋಡುತ್ತಿದೆ, ಮೇಲೆ ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡುತ್ತಿದ್ದಾರೆ. ಮುಂದೆ ಹೇಗೆಂದು ಮಂಚಮ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಡುಗಿ ಎಡವಿಬಿಟ್ಟರೆ ಎಂಬ ಭಯಕ್ಕೆ ಕೊಟ್ಟಿಗೆಯಲ್ಲಿ ಯಾರೂ ಅಲುಗಲಿಲ್ಲ.

ರೋಜಾ ಕಡ್ಡಿಯೊಂದನ್ನು ಎತ್ತಿಕೊಂಡು ಹೊಸೆಯಲು ಶುರುಮಾಡಿದಳು.

"ನಿಧಾನುಕ್ಕೆ ಮೆಟ್ಲು ಅತ್ತುತಾಳೆ ಕಣಕ್ಕ," ಎಂದಳು. "ಅವ್ರು ಕಾಯ್ಲಿ."